ದುಂಡು ಮೂಗು, ಚೂಪು ಮೂಗು

ನಮ್ಮನೆಯವರು ಅಂಗಡಿಯ ಬೋರ್ಡಿಗೆ ವಿಮಾನ ಬರೆಸದೇ ಇದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಮಗಳು ವಿಮಾನ ಹಾರಿಸುವ ಲೈಸೆನ್ಸ್ ಹಿಡಿದುಕೊಂಡು ಬಂದ ದಿನ ಅವರು ಅದನ್ನು ಮೊದಲು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮಗುಚಿ ಹಿಂಭಾಗ ನೋಡಿದರು. ಲಾಂಡ್ರಿ ನಡೆಸುವವರಿಗೆ ಕೈಗೆ ಏನು ಸಿಕ್ಕಿದರೂ ಕಲೆ ಹುಡುಕುವ ಚಾಳಿ. ಕಲೆ ಕಾಣದಿದ್ದಾಗ ಮುಖ ಅರಳಿತು. ಮಾರನೆಯ ಬೆಳಿಗ್ಗೆ ಪೇಂಟರ್ ಏಣಿ ಹೊತ್ತುಕೊಂಡು ಬಂದೇಬಿಟ್ಟ. ಅಲ್ಲಿಯವರೆಗೆ ನಮ್ಮ ಅಂಗಡಿಗೆ ಹೆಸರೇ ಇರಲಿಲ್ಲ. 'ಮೂಲೆ ಲಾಂಡ್ರಿ' ಎಂದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಸಾಯಂಕಾಲದ ಹೊತ್ತಿಗೆ ಅದು 'ಪೈಲಟ್ ಡ್ರೈ ಕ್ಲೀನರ್ಸ್' ಆಗಿತ್ತು. ಅಕ್ಷರದ ಪಕ್ಕ ಒಂದು ವಿಮಾನ. ಪೇಂಟರ್ ತನ್ನ ಜೀವಮಾನದಲ್ಲಿ ಚಪ್ಪಲಿ, ಐಸ್‌ಕ್ರೀಂ ಬಿಟ್ಟು ಬೇರೇನೂ ಬರೆದವನಲ್ಲ. ಪಾಪ, ಅವನು ಹೇಗೋ ಒಂದು ವಿಮಾನ ಎಳೆದು ಮುಗಿಸಿದ್ದ. "ಇನ್ನೂ ಜಾಗ ಇದೆಯಲ್ಲಪ್ಪ, ಮೇಲೆ ಇನ್ನೊಂದು ಸಾಲು ಕಿಟಕಿ ಹಾಕು. ರೆಕ್ಕೆಗೆ ಎರಡೆರಡು ಎಂಜಿನ್ ಇರಲಿ," ಎಂದು ಇವರು ಕೆಳಗೆ ನಿಂತು ಹೇಳುತ್ತಾ ಹೋದರು. ಕೊನೆಗೆ ಅದು ಎರಡು ಅಂತಸ್ತಿನ ಬಂಗಲೆಗೆ ರೆಕ್ಕೆ ಕಟ್ಟಿದ ಹಾಗಾಯಿತು.

ಮಗಳು ಬಂದು ನೋಡಿ ಹಣೆ ಚಚ್ಚಿಕೊಂಡಳು.

"ಅಪ್ಪ, ಇದನ್ನ ನಾನು ಓಡಿಸೋ ಹಾಗಿಲ್ಲ."

"ಯಾಕೆ? ಲೈಸೆನ್ಸ್ ಇದೆಯಲ್ಲ!"

"ಲೈಸೆನ್ಸ್ ಇದೆ. ಆದ್ರೆ ನಾನು ಕಲ್ತಿರೋದು ನಾಲ್ಕು ಜನ ಕೂರೋ ಪುಟ್ಟ ವಿಮಾನದಲ್ಲಿ. ದೊಡ್ಡ ವಿಮಾನಕ್ಕೆ ಒಂದೊಂದು ಮಾದರಿಗೂ ಬೇರೆ ಬೇರೆ ತರಬೇತಿ, ಬೇರೆ ಬೇರೆ ಸರ್ಟಿಫಿಕೇಟ್. ಅದಿಲ್ದೆ ವಿಮಾನ ಕಂಪನಿಯವರು ಹತ್ತಿರ ಸೇರ್ಸಲ್ಲ."

ಇದೇ ಹೊತ್ತಿಗೆ ನಮ್ಮ ಮೇಲಿನ ಮನೆಯ ಇನ್‌ಸ್ಪೆಕ್ಟರು ಕೋಟು ಕೊಡಲು ಬಂದು ನಿಂತಿದ್ದರು. ತೂಕ-ಅಳತೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ನಿವೃತ್ತಿ ಸಂಬಳಕ್ಕೆ ಮಾತ್ರ, ಕೆಲಸಕ್ಕಲ್ಲ. ಬೋರ್ಡನ್ನೊಮ್ಮೆ, ಮಗಳನ್ನೊಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು.

"ಅಂದ್ರೆ ಬೋರ್ಡಲ್ಲಿ ತೋರಿಸಿರೋ ಮಾಲೇ ಬೇರೆ, ಒಳಗಿರೋ ಮಾಲೇ ಬೇರೆ. ನಮ್ಮ ಕಾಲದಲ್ಲಾಗಿದ್ರೆ ಅಂಗಡಿಗೆ ಬೀಗ ಜಡೀತಿದ್ವಿ."

ನಮ್ಮನೆಯವರಿಗೆ ಬೀಗಕ್ಕಿಂತ ಸರ್ಟಿಫಿಕೇಟಿನ ಚಿಂತೆ ಹತ್ತಿತು. "ಎಷ್ಟಾಗುತ್ತಮ್ಮಾ ಅದಕ್ಕೆ?" ಎಂದು ಕೇಳಿದರು. ಮಗಳು ಹೇಳಿದಳು. ಅವರು ಹಿಂದೆ ನೋಡದೆ ಇಸ್ತ್ರಿ ಮೇಜಿನ ಮೇಲೆ ಕೂತುಬಿಟ್ಟರು. ದೇವರು ದೊಡ್ಡವನು, ಇಸ್ತ್ರಿಪೆಟ್ಟಿಗೆ ಆಗ ಸ್ಟ್ಯಾಂಡಿನ ಮೇಲಿತ್ತು.

"ಇಷ್ಟನ್ನ ಕೊಡಬೇಕಾದೋರು ಯಾರು?"

"ಮುಂಚೆ ಕಂಪನಿಯವರೇ ಕೊಡ್ತಿದ್ರು ಅಪ್ಪ. ಇಷ್ಟು ವರ್ಷ ಬಿಟ್ಟು ಹೋಗಬಾರದು ಅಂತ ಬರೆಸ್ಕೊಂಡು ಕಲಿಸ್ತಿದ್ರು. ನನಗಿಂತ ಮುಂಚೆ ಮುಗಿಸಿದೋರೆಲ್ಲ ಹಾಗೇ ಸೇರ್ಕೊಂಡ್ರು. ಈಗ ಕೆಲಸಕ್ಕೆ ತಗೊಳ್ಳೋದೇ ಕಮ್ಮಿ ಮಾಡಿದ್ದಾರೆ. ಅದಕ್ಕೆ, ಸ್ವಂತ ದುಡ್ಡಲ್ಲಿ ಮಾಡಿಸ್ಕೊಂಡು ಬನ್ನಿ, ಆಮೇಲೆ ನೋಡೋಣ ಅಂತಾರೆ."

"ಕೆಲಸ ಕಮ್ಮಿ ಆದಾಗ ಖರ್ಚು ಜಾಸ್ತಿಯಾ?"

"ಹೂಂ."

ಅವರು ಎದ್ದು ನಿಂತರು. ನಮ್ಮನೆಯವರ ತಲೆಯೊಳಗೆ ಒಂದು ಪ್ರಶ್ನೆ ಹೊಕ್ಕಿತೆಂದರೆ ಉತ್ತರ ಸಿಗುವವರೆಗೆ ಯಾರಿಗೂ ನಿದ್ದೆ ಇಲ್ಲ. ಮೊದಲು ಸಿಕ್ಕಿಬಿದ್ದದ್ದು ಯೂನಿಫಾರ್ಮ್ ಒಯ್ಯಲು ಬಂದ ಬಸ್ ಡ್ರೈವರು. "ನಿಮಗೆ ದೊಡ್ಡ ಬಸ್ಸು ಕಲಿಸಿದ್ದು ಯಾರ ಖರ್ಚಲ್ಲಿ?" "ಡಿಪೋದವರದ್ದು ಸಾರ್. ಕಲಿಯೋವಾಗ ಒಂದು ಗೋಡೆ ಕೆಡವಿದೆ. ಅದನ್ನ ಕಟ್ಟಿಸಿಕೊಟ್ಟಿದ್ದೂ ಡಿಪೋದವರೇ." ಮಾರನೆಯ ದಿನ ಹಲ್ಲುನೋವೆಂದು ಅವರನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಾಯಿ ತೆರೆದು ಮಲಗಿದವರು, ಡಾಕ್ಟರು ಯಂತ್ರ ಎತ್ತುವಷ್ಟರಲ್ಲಿ ಕೈ ಅಡ್ಡ ಹಿಡಿದರು. "ಈ ಮೆಷಿನ್ ನಡೆಸೋದು ನಿಮಗೆ ಯಾರ ಖರ್ಚಲ್ಲಿ ಕಲಿಸಿದ್ರು ಡಾಕ್ಟ್ರೇ?" ಡಾಕ್ಟರು ಹೆಮ್ಮೆಯಿಂದ, "ಮಾರಿದ ಕಂಪನಿಯವರೇ ಬಂದು ತೋರಿಸಿ ಹೋದ್ರು. ನಿನ್ನೆ ತಾನೇ ಬಂತು. ನೀವೇ ಮೊದಲನೆಯವರು," ಎಂದರು. ಹಲ್ಲುನೋವು ಅಲ್ಲೇ ವಾಸಿಯಾಗಿ ನಾವು ನಡೆದುಕೊಂಡು ಮನೆಗೆ ಬಂದೆವು.

ಹೀಗೆ ಊರವರನ್ನೆಲ್ಲ ಕೇಳಿದ ಮೇಲೆ, ನೇರವಾಗಿ ವಿಮಾನ ಕಂಪನಿಗೇ ಹೋಗಿ ಕೇಳುವುದೆಂದು ತೀರ್ಮಾನವಾಯಿತು. ನಾನು ಬೇಡವೆಂದೆ. ಮಗಳು ಬೇಡವೇ ಬೇಡವೆಂದಳು. ಮೂವರೂ ಹೋದೆವು.

ನೇಮಕಾತಿ ಅಧಿಕಾರಿಯ ಕೋಣೆ ತಣ್ಣಗಿತ್ತು. ಮೇಜಿನ ಮೇಲೆ ಪುಟ್ಟ ಪುಟ್ಟ ವಿಮಾನದ ಬೊಂಬೆಗಳು, ಎಲ್ಲವೂ ಬಾಗಿಲಿನ ಕಡೆಗೆ ಮೂತಿ ಮಾಡಿ ನಿಂತಿದ್ದವು, ಬಂದವರನ್ನು ಹೊರಗೆ ಕಳಿಸುವ ಹಾಗೆ. ಅಧಿಕಾರಿ ಒಳ್ಳೆಯ ಮನುಷ್ಯ. ನೀರು ತರಿಸಿದ. ಕುರ್ಚಿ ತಾನೇ ಎಳೆದು ಕೊಟ್ಟ. ಒಳ್ಳೆಯವರ ಹತ್ತಿರ ಜಗಳ ಆಡುವುದು ಬಹಳ ಕಷ್ಟ.

"ನಿಮಗೆ ಪೈಲಟ್‌ಗಳು ಬೇಕಾ?" ನಮ್ಮನೆಯವರು ಶುರು ಮಾಡಿದರು.

"ಖಂಡಿತ ಬೇಕು ಸಾರ್. ಆದ್ರೆ ಸದ್ಯಕ್ಕೆ ಬೇಡ."

"ಬೇಕಾದಾಗ ಈ ಸರ್ಟಿಫಿಕೇಟಿನ ಖರ್ಚು ನೀವೇ ಕೊಡ್ತೀರಾ?"

"ತುಂಬಾ ಬೇಕಾದಾಗ ಕೊಡ್ತೀವಿ."

"ಈಗ?"

"ಈಗ ಅಷ್ಟೊಂದು ಬೇಡವಲ್ಲ. ಅದಕ್ಕೆ ಮಕ್ಕಳೇ ಕೊಟ್ಕೋತಾರೆ."

"ಅಂದ್ರೆ, ಕೆಲಸ ಇದ್ದಾಗ ಪುಕ್ಕಟೆ. ಕೆಲಸ ಇಲ್ದಾಗ ದುಡ್ಡು."

"ನೀವು ಬಹಳ ಬೇಗ ಅರ್ಥ ಮಾಡ್ಕೊಂಡ್ರಿ," ಎಂದು ಅಧಿಕಾರಿ ನಿಜವಾಗಿಯೂ ಮೆಚ್ಚಿಕೊಂಡ.

"ಕೆಲಸ ಇಲ್ದಾಗ ಸರ್ಟಿಫಿಕೇಟ್ ಯಾತಕ್ಕೆ ಸ್ವಾಮೀ?"

"ಕೆಲಸ ಬಂದಾಗ ತಯಾರಾಗಿರೋಕೆ."

"ಬಂದಾಗ ನೀವೇ ಕೊಡ್ತೀರಲ್ಲ?"

"ಕೊಡ್ತೀವಿ. ಆದ್ರೆ ಆಗಲೇ ಮಾಡಿಸ್ಕೊಂಡಿರೋರನ್ನ ಮೊದಲು ತಗೋತೀವಿ."

"ಅವರೆಲ್ಲ ಮುಗಿದ ಮೇಲೆ ನಮ್ಮ ಮಗಳು?"

"ಅಷ್ಟೊತ್ತಿಗೆ ಮತ್ತೆ ನಿಧಾನ ಆಗಿರುತ್ತೆ ಸಾರ್."

ನಮ್ಮನೆಯವರು ನೀರು ಕುಡಿದರು. ಆಮೇಲೆ ನನ್ನ ಲೋಟದ ನೀರನ್ನೂ ಕುಡಿದರು. "ವಿಮಾನ ನಿಮ್ದು, ಅದರ ಸೀಟು ನಿಮ್ದು, ಮೂತಿ ನಿಮ್ದು. ಕಲಿಯೋ ಖರ್ಚು ಮಾತ್ರ ನಮ್ದಾ?"

"ಇನ್ನೊಂದು ವಿಷಯ ಸಾರ್," ಎಂದ ಆ ಒಳ್ಳೆಯ ಮನುಷ್ಯ, ಬಾಗಿಲವರೆಗೆ ಬಿಡಲು ಬಂದು. "ಮಾಡಿಸ್ಕೊಂಡು ಹಾರಿಸದೇ ಇಟ್ರೆ ಅದು ಹಳೇದಾಗುತ್ತೆ. ಮತ್ತೆ ಪರೀಕ್ಷೆ ಕೊಡಬೇಕು. ಮತ್ತೆ ಮಾದರಿ ಯಾವುದು ಅನ್ನೋದನ್ನೂ ಯೋಚನೆ ಮಾಡಿ. ನಮ್ಮ ವಿಮಾನ ಒಂದು ಥರ, ಆ ಕಡೆ ಕಂಪನಿಯದು ಇನ್ನೊಂದು ಥರ. ಒಂದರ ಸರ್ಟಿಫಿಕೇಟ್ ಇನ್ನೊಂದಕ್ಕೆ ನಡೆಯಲ್ಲ."

ದಾರಿಯುದ್ದಕ್ಕೂ ಮಗಳು ಅಪ್ಪನಿಗೆ ಎರಡು ಮಾದರಿಗಳನ್ನು ವಿವರಿಸಿದಳು. ಎಂಜಿನ್, ಕಂಪ್ಯೂಟರ್, ರೆಕ್ಕೆ ಎಂದು ಎಷ್ಟು ಹೇಳಿದರೂ ಅವರ ತಲೆಯಲ್ಲಿ ಉಳಿದದ್ದು ಒಂದೇ: ಈ ಕಂಪನಿಯ ವಿಮಾನಕ್ಕೆ ಮೂಗು ದುಂಡಗಿರುತ್ತದೆ, ಆ ಕಡೆ ಕಂಪನಿಯದಕ್ಕೆ ಚೂಪಾಗಿರುತ್ತದೆ. ಮನೆ ತಲುಪುವಷ್ಟರಲ್ಲಿ ಜಗತ್ತಿನ ವಿಮಾನಯಾನವೆಲ್ಲ ದುಂಡು ಮೂಗು, ಚೂಪು ಮೂಗು ಎಂದು ಎರಡು ಪಾಲಾಗಿತ್ತು.

ಮರುದಿನದಿಂದ ಬೀದಿಯೂ ಎರಡು ಪಾಲಾಯಿತು. ನಮ್ಮನೆಯವರು ತಾರಸಿಗೆ ಕುರ್ಚಿ ಸಾಗಿಸಿ, ಹಾರಿ ಹೋಗುವ ವಿಮಾನಗಳ ಮೂಗು ನೋಡುತ್ತಾ ಕೂತರು. ಯಾವ ಮೂಗು ಜಾಸ್ತಿಯೋ ಆ ಮೂಗಿನ ಸರ್ಟಿಫಿಕೇಟ್ ಎಂಬುದು ಅವರ ಲೆಕ್ಕ. ಇನ್‌ಸ್ಪೆಕ್ಟರು ದುರ್ಬೀನು ತಂದರು. ಅಳತೆಯ ಪ್ರಶ್ನೆ ಬಂದಾಗ ಕಣ್ಣಂದಾಜು ನಡೆಯುವುದಿಲ್ಲವಂತೆ. ಬಟ್ಟೆ ಕೊಡಲು ಬಂದವರು ಕೊಡುವುದನ್ನು ಮರೆತು ಕತ್ತೆತ್ತಿ ನಿಲ್ಲುತ್ತಿದ್ದರು. ಬಸ್ ಡ್ರೈವರು ದುಂಡಿನ ಪಕ್ಷ. ಹಲ್ಲಿನ ಡಾಕ್ಟರು, ಅವರ ಕಸುಬೇ ಹಾಗಿರುವುದರಿಂದಲೋ ಏನೋ, ಚೂಪಿನ ಪಕ್ಷ. ಮೋಡದೊಳಗೆ ಹೋದ ವಿಮಾನವೊಂದರ ಮೂಗಿನ ವಿಷಯದಲ್ಲಿ ಇಬ್ಬರಿಗೂ ಮಾತು ಬಿಟ್ಟುಹೋಗಿ ನಾನು ಟೀ ಕೊಟ್ಟು ರಾಜಿ ಮಾಡಿಸಬೇಕಾಯಿತು.

ಮಗಳು ಮೂರನೆಯ ದಿನ ತಾರಸಿಗೆ ಹತ್ತಿ ಬಂದಳು. "ಅಪ್ಪ, ಈಗ ಹಾರ್ತಾ ಇರೋ ವಿಮಾನಕ್ಕೆಲ್ಲ ಆಗಲೇ ಪೈಲಟ್ ಇದ್ದಾರೆ. ಇಲ್ದಿದ್ರೆ ಅದು ಹಾರ್ತಿರ್ಲಿಲ್ಲ."

 ಇನ್‌ಸ್ಪೆಕ್ಟರು ದುರ್ಬೀನನ್ನು ಮೆಲ್ಲಗೆ ಡಬ್ಬಿಯೊಳಗೆ ಇಟ್ಟರು.

ನಾನು ಇಷ್ಟು ಹೊತ್ತು ನಗುತ್ತಲೇ ಹೇಳುತ್ತಿದ್ದೇನೆ. ಆದರೆ ಅಂಗಡಿಯ ಹಿಂಭಾಗಕ್ಕೆ ಹೋದರೆ ನನ್ನ ನಗು ನಿಲ್ಲುತ್ತಿತ್ತು. ಅಲ್ಲಿ ಕೋಟುಗಳನ್ನು ನೇತುಹಾಕುವ ಕಂಬಿಯ ಹಿಂದಿನ ಗೋಡೆಗೆ ಮಗಳು ಕಾಗದದ ಕಾಕ್‌ಪಿಟ್ ಅಂಟಿಸಿಕೊಂಡಿದ್ದಳು. ಪೈಲಟ್ ಎದುರಿಗಿರುವ ಗುಂಡಿಗಳು, ಮುಳ್ಳುಗಳು, ಹಿಡಿಕೆಗಳು ಎಲ್ಲವೂ ನಿಜವಾದ ಅಳತೆಯಲ್ಲೇ ಅಚ್ಚಾಗಿರುವ ದೊಡ್ಡ ಹಾಳೆ. ದುಂಡು ಮೂಗಿನದು ಬಲಗಡೆ ಗೋಡೆಗೆ, ಚೂಪು ಮೂಗಿನದು ಎಡಗಡೆಗೆ. ಕೆಲಸ ಮುಗಿದ ಮೇಲೆ ಕೋಟುಗಳನ್ನು ಸರಿಸಿ, ಸ್ಟೂಲಿನ ಮೇಲೆ ಕೂತು, ಒಂದೊಂದೇ ಗುಂಡಿಯನ್ನು ಬೆರಳಿಂದ ಮುಟ್ಟಿ ಪಾಠ ಒಪ್ಪಿಸುತ್ತಿದ್ದಳು. ಕಾಗದದ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಆದರೂ ಅವಳು ಪ್ರತಿ ಸಲ ಒತ್ತಿ, ಒಂದು ಕ್ಷಣ ಕಾಯುತ್ತಿದ್ದಳು.  ನಮ್ಮನೆಯವರೂ ಅದನ್ನು ಕಂಡಿದ್ದರೆಂದು ತೋರುತ್ತದೆ. ಅದಕ್ಕೇ ಅವರು ಆನೆಯ ವಿಷಯ ತೆಗೆದರು.

ಆನೆ ಎಂದರೆ ನಮ್ಮ ಡ್ರೈ ಕ್ಲೀನಿಂಗ್ ಮೆಷಿನ್. ಅಂಗಡಿಯ ಅರ್ಧ ಜಾಗ ಅದರದೇ. ಎದುರಿಗೆ ಗುಂಡನೆಯ ಗಾಜಿನ ಬಾಗಿಲು, ಹಿಂದೆ ಸೊಂಡಿಲಿನಂಥ ಕೊಳವೆ. ಕೋಟು, ಉಣ್ಣೆ, ರೇಷ್ಮೆ ಎಲ್ಲವೂ ಅದರ ಹೊಟ್ಟೆಗೇ ಹೋಗಬೇಕು. ಅದಿದ್ದರೆ ನಾವು ಡ್ರೈ ಕ್ಲೀನರ್ಸ್. ಅದು ಹೋದರೆ ಬರೀ ಬಕೆಟ್ಟು, ಬ್ರಷ್ಷು. ಅದನ್ನು ಮಾರಿದರೆ ಸರಿಯಾಗಿ ಒಂದು ಮೂಗಿನ ಸರ್ಟಿಫಿಕೇಟಿಗೆ ಸಾಲುತ್ತಿತ್ತು. ಎರಡು ಮೂಗಿಗೆ ಸಾಲುತ್ತಿರಲಿಲ್ಲ. ತಪ್ಪು ಮೂಗು ಹಿಡಿದೆವೋ, ಆನೆಯೂ ಇಲ್ಲ, ವಿಮಾನವೂ ಇಲ್ಲ.

ಬ್ಯಾಂಕಿನ ಸಾಲ ಕೊಡಿಸುವ ದಲ್ಲಾಳಿ ಕೆಲಸ ಮಾಡುವ ನನ್ನ ತಮ್ಮ ಎಲ್ಲಿಂದಲೋ ವಾಸನೆ ಹಿಡಿದು ಬಂದ. "ಬಾವ, ಹೆಣ್ಣುಮಗಳ ಭವಿಷ್ಯ! ಎದುರಂಗಡಿಯವನ ಹತ್ರ ಮಾತಾಡಿದ್ದೀನಿ, ಮೆಷಿನ್ ತಗೋತಾನಂತೆ. ಕಮ್ಮಿ ಬಿದ್ರೆ ಸಾಲ ಇದ್ದೇ ಇದೆ," ಎಂದ. ಎದುರಂಗಡಿಯವನೆಂದರೆ ನಮ್ಮ ಎದುರಿಗೇ ಇನ್ನೊಂದು ಲಾಂಡ್ರಿ ಇಟ್ಟವನು. ನಮ್ಮ ಆನೆಯ ಮೇಲೆ ಅವನಿಗೆ ಬಹಳ ದಿನದ ಕಣ್ಣು.

"ಮಾವ, ಕೆಲಸ ಸಿಗುತ್ತೆ ಅಂತ ಗ್ಯಾರಂಟಿ ಏನು?" ಎಂದಳು ಮಗಳು.

"ಸಾಲ ಸಿಗುತ್ತೆ ಅಂತ ಗ್ಯಾರಂಟಿ ಇದೆಯಲ್ಲಮ್ಮ," ಎಂದ ನನ್ನ ತಮ್ಮ.

ತರಬೇತಿ ಕೇಂದ್ರದವರು ಶನಿವಾರ ಸಂಜೆಯೊಳಗೆ ಮುಂಗಡ ಕಟ್ಟಿದರೆ ಮಾತ್ರ ಜಾಗ ಎಂದಿದ್ದರು. ದುಂಡೋ ಚೂಪೋ ಎಂದು ನಮ್ಮನೆಯವರು ಊಟ ಬಿಟ್ಟು ಯೋಚಿಸುತ್ತಿದ್ದಾಗಲೇ, ಗುರುವಾರ ಬೆಳಿಗ್ಗೆ ಅಂಗಡಿಯ ಮುಂದೆ ಒಂದು ವ್ಯಾನ್ ನಿಂತಿತು. ಡ್ರೈವರ್ ದೊಡ್ಡ ಗಂಟೊಂದನ್ನು ತಂದು ಮೇಜಿನ ಮೇಲಿಟ್ಟ. ಬಿಚ್ಚಿದರೆ ಬಿಳೀ ಶರ್ಟುಗಳು. ಭುಜದ ಮೇಲೆ ಕಪ್ಪು ಪಟ್ಟಿ, ಪಟ್ಟಿಯ ಮೇಲೆ ಚಿನ್ನದ ಗೆರೆ. ಪೈಲಟ್ ಶರ್ಟುಗಳು! ಜೇಬಿನ ಮೇಲೆ ಚೂಪು ಮೂಗಿನ ಕಂಪನಿಯ ಗುರುತು.

ನಮ್ಮನೆಯವರ ಕಿವಿ ನೆಟ್ಟಗಾಯಿತು.

"ಹೊಸಾ ಶರ್ಟಾ ಇವೆಲ್ಲ?"

"ಎಲ್ಲಾ ಹೊಸದೇ ಸಾರ್. ಹೊಸದಾಗಿ ಸೇರ್ಕೊಂಡ ಪೈಲಟ್‌ಗಳದ್ದು."

"ಇಷ್ಟೇನಾ?"

"ಇಷ್ಟೇ ಎಲ್ಲಿ ಸಾರ್, ಹಾಸ್ಟೆಲಲ್ಲಿ ಇನ್ನೂ ರಾಶಿ ಬಿದ್ದಿದೆ. ಶನಿವಾರಕ್ಕೆ ಬೇಕೇ ಬೇಕಂತೆ. ಕಂಪನಿಯವರು ಗಡಿಬಿಡಿ ಮಾಡ್ತಿದ್ದಾರೆ."

ವ್ಯಾನ್ ತಿರುವು ದಾಟುವ ಮೊದಲೇ ನಮ್ಮನೆಯವರು ಬೀದಿಯ ನಡುವೆ ಇದ್ದರು, ಕೈಯಲ್ಲೊಂದು ಶರ್ಟು ಹಿಡಿದು ಬೀಸುತ್ತಾ. "ಚೂಪು! ಚೂಪು ಕಣ್ರೀ! ರಾಶಿ ರಾಶಿ ಜನಾನ ತಗೋತಿದ್ದಾರೆ!" ಹಲ್ಲಿನ ಡಾಕ್ಟರು ರೋಗಿಯನ್ನು ಬಾಯಿ ತೆರೆದ ಹಾಗೇ ಬಿಟ್ಟು ಓಡಿಬಂದು ಕೈ ಕುಲುಕಿದರು. ಇನ್‌ಸ್ಪೆಕ್ಟರು ಶರ್ಟುಗಳನ್ನು ಮುಟ್ಟಿ ನೋಡಿ, ಇದು ಲಿಖಿತ ಪುರಾವೆಗೆ ಸಮಾನ ಎಂದು ತೀರ್ಪಿತ್ತರು. ನನ್ನ ತಮ್ಮ ಆ ಹೊತ್ತಿಗೆ ಎದುರಂಗಡಿಯವನಿಗೆ ಫೋನು ಹಚ್ಚಿಯಾಗಿತ್ತು, ರಸ್ತೆ ದಾಟಿದರೆ ಸಾಕಾಗಿದ್ದರೂ.

ಮಗಳು ಮಾತ್ರ ಒಂದು ಶರ್ಟಿನ ಭುಜಪಟ್ಟಿಯ ಮೇಲೆ ಕೈಯಾಡಿಸುತ್ತಾ ನಿಂತಿದ್ದಳು. "ನಿಜವಾಗ್ಲೂ ತಗೋತಿದ್ದಾರಾಮ್ಮ?" ಎಂದು ನನ್ನನ್ನು ಕೇಳಿದಳು. ಅವಳ ಕಣ್ಣಲ್ಲಿದ್ದ ಆಸೆಗೆ ನಾನು ಇಲ್ಲವೆನ್ನುವುದು ಹೇಗೆ? ತಗೋತಿರಬಹುದು ಎಂದೆ.

ಶನಿವಾರ ಬೆಳಿಗ್ಗೆ ಎದುರಂಗಡಿಯವನ ಟೆಂಪೋ ನಮ್ಮ ಬಾಗಿಲಿಗೆ ಹಿಂಭಾಗ ಕೊಟ್ಟು ನಿಂತಿತು. ಬಾಗಿಲ ಚೌಕಟ್ಟಿನ ಒಂದು ಕಡೆ ಕೀಳಿಸಿದರು. ಆನೆಗೆ ಹಗ್ಗ ಬಿಗಿದು, ಅಡಿಗೆ ಕಬ್ಬಿಣದ ಕೊಳವೆ ಕೊಟ್ಟು ಉರುಳಿಸುತ್ತಾ ಹೊರಗೆ ತಂದರು. ಅದು ಹೋದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯೇ ಇತ್ತು. ಬೀದಿಯೆಲ್ಲ ಸೇರಿತ್ತು. ನಮ್ಮನೆಯವರು ಹಗ್ಗ ಎಳೆಯುವವರಿಗೆ, "ನಿಧಾನ, ಅದಕ್ಕೆ ಎಡಗಾಲು ಸ್ವಲ್ಪ ಸಡಿಲ," ಎಂದು ಹೇಳುತ್ತಾ ಮೂಗು ಒರೆಸಿಕೊಳ್ಳುತ್ತಿದ್ದರು.

ನನಗೆ ನೋಡಲಾಗದೆ ಒಳಗೆ ಬಂದು ಪೈಲಟ್ ಶರ್ಟುಗಳಿಗೆ ಕೈ ಹಾಕಿದೆ. ಗಡಿಬಿಡಿಯಲ್ಲಿ ಅವುಗಳನ್ನು ಯಾರೂ ಮುಟ್ಟಿರಲೇ ಇಲ್ಲ. ನಮ್ಮ ಕಸುಬಿನಲ್ಲಿ ಶರ್ಟೆಂದರೆ ಮೊದಲು ಕಾಲರ್. ಎಂಥ ದೊಡ್ಡ ಮನುಷ್ಯನಾದರೂ ಕಾಲರಿನಲ್ಲಿ ಕೊಳೆ ಬಿಟ್ಟೇ ಬಿಡುತ್ತಾನೆ. ಬ್ರಷ್ಷಿಗೆ ಸೋಪು ಹಚ್ಚಿ ಮೊದಲನೆಯದರ ಕಾಲರ್ ಮಗುಚಿದೆ. ಉಜ್ಜಲು ಏನೂ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದರ ಕಾಲರಿನಡಿಯಲ್ಲಿ ಬೆರಳಿಗೆ ಚುಚ್ಚಿತು. ನೋಡಿದರೆ ಗುಂಡುಪಿನ್ನು. ಹೊಸ ಶರ್ಟನ್ನು ಪೆಟ್ಟಿಗೆಯಲ್ಲಿಡುವಾಗ ಕಾರ್ಖಾನೆಯವರು ಸಿಕ್ಕಿಸುತ್ತಾರಲ್ಲ, ಅದು ಹಾಗೇ ಇತ್ತು.

ನಾನು ಶರ್ಟು ಹಿಡಿದುಕೊಂಡು ಹೊರಗೆ ಓಡಿದೆ.

"ರೀ, ನಿಲ್ಲಿಸ್ರೀ! ಈ ಶರ್ಟುಗಳನ್ನ ಯಾರೂ ಹಾಕೇ ಇಲ್ಲ!"

"ಹೊಸಬರು ಕಣೇ, ಇನ್ಮೇಲೆ ಹಾಕ್ಕೋತಾರೆ," ಎಂದರು ನಮ್ಮನೆಯವರು.

"ಹಾಕ್ಕೊಳ್ಳೋ ಮುಂಚೆ ಒಗೆಯೋಕೆ ಯಾಕ್ರೀ ಕೊಟ್ರು?"

ಅವರು ಇನ್‌ಸ್ಪೆಕ್ಟರ ಮುಖ ನೋಡಿದರು. ನಾವು ಕಂಡ ಹಾಗೆ ಇನ್‌ಸ್ಪೆಕ್ಟರಿಗೆ ಅಭಿಪ್ರಾಯ ಇಲ್ಲದೇ ಹೋದದ್ದು ಅದೇ ಮೊದಲು.

ಉತ್ತರ ತಾನಾಗಿಯೇ ವ್ಯಾನಿನಲ್ಲಿ ಬಂತು. ಶರ್ಟು ಒಯ್ಯಲು ಡ್ರೈವರ್ ಜೊತೆ ಶರ್ಟಿನ ಒಡೆಯರೂ ಬಂದಿದ್ದರು. ಎಲ್ಲ ನನ್ನ ಮಗಳ ವಯಸ್ಸಿನವರು. ಹುಡುಗರು ಜಾಸ್ತಿ, ಹುಡುಗಿಯರಿಬ್ಬರು. ಅವರಲ್ಲಿ ಉದ್ದಕ್ಕಿದ್ದ ಒಬ್ಬ, ಟೆಂಪೋ, ಹಗ್ಗ, ಜನ ಎಲ್ಲ ನೋಡಿ, ಏನೋ ತಪ್ಪು ಸಮಯಕ್ಕೆ ಬಂದೆವೇನೋ ಎಂಬಂತೆ ಹಿಂಜರಿದ.

"ಶರ್ಟ್ ಆಯ್ತಾ ಆಂಟಿ? ಇವತ್ತು ವಾಪಸ್ ಕೊಡ್ಲೇಬೇಕು."

"ಯಾರಿಗಪ್ಪಾ ವಾಪಸ್?"

"ಕಂಪನಿಗೆ. ಕೆಲಸಕ್ಕೆ ಬನ್ನಿ ಅಂತ ಕರೆದ್ರು, ಶರ್ಟ್ ಕೊಟ್ರು, ಫೋಟೋ ತೆಗೆದ್ರು. ಈಗ ಸದ್ಯಕ್ಕೆ ಬೇಡ, ಬೇಕಾದಾಗ ಹೇಳ್ತೀವಿ ಅಂತಿದ್ದಾರೆ. ಶರ್ಟನ್ನ ಒಗೆಸಿ ವಾಪಸ್ ಕೊಡ್ಬೇಕಂತೆ."

"ಹಾಕ್ಕೊಂಡೇ ಇಲ್ವಲ್ಲೋ!"

"ನಿಯಮ ಆಂಟಿ."

"ಒಗೆಸೋ ಖರ್ಚು?" ಎಂದು ಕೇಳಿದರು ನಮ್ಮನೆಯವರು. ಅವರ ಧ್ವನಿ ಸಣ್ಣಗಾಗಿತ್ತು.

"ನಮ್ಮದೇ."

"ಚೂಪು... ಈ ಕಂಪನಿ ವಿಮಾನದ ಸರ್ಟಿಫಿಕೇಟ್ ಇದೆಯಲ್ಲ ನಿಮಗೆ? ಅದರ ಖರ್ಚು?"

 ಗಿಡ್ಡನೆಯ ಹುಡುಗನೊಬ್ಬ, "ನಮ್ಮಪ್ಪ ಲಾರಿ ಮಾರಿದ್ರು," ಎಂದ. ಹುಡುಗಿಯೊಬ್ಬಳು, "ನಮ್ಮಕ್ಕ ಮನೆ ಮೇಲೆ ಸಾಲ ಮಾಡಿದ್ಳು," ಎಂದಳು. ಉದ್ದನೆಯವನು ಹಗ್ಗ ಬಿಗಿಸಿಕೊಂಡು ನಿಂತಿದ್ದ ನಮ್ಮ ಆನೆಯನ್ನೇ ನೋಡುತ್ತಿದ್ದ. ಅವನಿಗೆ ಎಲ್ಲ ಅರ್ಥವಾದಂತಿತ್ತು. "ನಿಮ್ಮನೇಲಿ ಯಾರಂಕಲ್?" ಎಂದು ಮೆಲ್ಲಗೆ ಕೇಳಿದ. ನಮ್ಮನೆಯವರು ಮಗಳ ಕಡೆ ಕೈ ತೋರಿಸಿದರು.

"ಯಾವ ಮಾದರಿ ಮಾಡಿಸಿದ್ದೀರಿ?" ಎಂದು ಅವನು ಅವಳನ್ನು ಕೇಳಿದ.

"ಇನ್ನೂ ಯಾವುದೂ ಇಲ್ಲ."

"ಪುಣ್ಯ ಮಾಡಿದ್ದೀರಿ," ಎಂದ. ಅದರಲ್ಲಿ ಕುಹಕ ಇರಲಿಲ್ಲ.

ನಮ್ಮನೆಯವರು ಅಷ್ಟು ಸುಲಭಕ್ಕೆ ಸೋಲುವವರಲ್ಲ. "ಹಾಗಾದ್ರೆ ದುಂಡು ಮೂಗೇ ಸರಿ! ಇನ್ನೂ ಸಂಜೆವರೆಗೆ ಟೈಮಿದೆ. ಎತ್ರಪ್ಪಾ ಎತ್ತಿ," ಎಂದು ಹಗ್ಗಕ್ಕೆ ತಾವೇ ಕೈ ಹಾಕಿದರು. ಮಗಳು ಬಂದು ಅವರ ಕೈ ಹಿಡಿದುಕೊಂಡಳು.

"ಸಾಕಪ್ಪ. ಆನೇನ ಒಳಗೆ ಕರ್ಕೊಂಡು ಹೋಗೋಣ."

"ಮತ್ತೆ ನೀನು?"

"ನಾನು ಕಲಿತ ಫ್ಲೈಯಿಂಗ್ ಕ್ಲಬ್ಬಲ್ಲಿ ಹೊಸಬರಿಗೆ ಪುಟ್ಟ ವಿಮಾನ ಕಲಿಸೋಕೆ ಕರೀತಿದ್ದಾರೆ. ಮೇಷ್ಟರ ತರಬೇತಿ ಅವರೇ ಕೊಡ್ತಾರಂತೆ. ಸಂಬಳ ಕಮ್ಮಿ. ನಿಮಗೆ ಅವಮಾನ ಆಗುತ್ತೇನೋ ಅಂತ ಹೇಳಿರ್ಲಿಲ್ಲ. ಹಾರೋದಂತೂ ಹಾರ್ತೀನಿ. ದೊಡ್ಡ ಕಂಪನಿಗೆ ನಾನು ಬೇಕಾದ ದಿನ ಅವರೇ ಖರ್ಚು ಮಾಡಿ ಕಲಿಸ್ಲಿ."

"ನಿನಗೆ ಬೇಜಾರಿಲ್ವಾ ಮಗಳೇ?"

"ಇದೆ," ಎಂದಳು. "ತುಂಬಾ ಇದೆ. ಆದ್ರೆ ನಮ್ಮ ಅಂಗಡಿ ಮಾರಿ ಆ ಕಾಗದ ನೋಡ್ಕೊಂಡು ಕೂತಿದ್ರೆ ಇನ್ನೂ ಬೇಜಾರಾಗೋದು."

ನಮ್ಮನೆಯವರು ಬೀದಿಯಲ್ಲೇ ಅತ್ತುಬಿಟ್ಟರು. ಅಳುವಾಗಲೂ ಮನುಷ್ಯನನ್ನು ಮರ್ಯಾದೆ ಬಿಡುವುದಿಲ್ಲ ನೋಡಿ, ಕಣ್ಣಿಗೆ ಸೋಪಿನ ನೊರೆ ಹೋಯಿತೆಂದರು. ಸೋಪಿನ ಬ್ರಷ್ಷು ಇದ್ದದ್ದು ನನ್ನ ಕೈಯಲ್ಲಿ.

"ಎಲ್ಲಾ ಸರಿ," ಎಂದ ಎದುರಂಗಡಿಯವನು. "ಟೆಂಪೋ ಬಾಡಿಗೆ ಯಾರು ಕೊಡ್ತಾರೆ?"

ಬೀದಿಯೆಲ್ಲ ಒಟ್ಟಿಗೆ ನನ್ನ ತಮ್ಮನ ಕಡೆ ತಿರುಗಿತು. "ನನ್ನ ಯಾಕೆ ನೋಡ್ತೀಯಕ್ಕಾ?" ಎಂದ ಅವನು. ನಾನು ನೋಡುತ್ತಲೇ ಇದ್ದೆ. ಚಿಕ್ಕಂದಿನಿಂದಲೂ ಅವನಿಗೆ ನನ್ನ ಆ ನೋಟ ಚೆನ್ನಾಗಿ ಗೊತ್ತು. ಗೊಣಗುತ್ತಾ ಜೇಬಿಗೆ ಕೈ ಹಾಕಿದ.

ಬಾಡಿಗೆ ಸಿಕ್ಕ ತಕ್ಷಣ ಟೆಂಪೋದವರು ಹಗ್ಗ ಬಿಚ್ಚಿಕೊಂಡು ಹೊರಟೇ ಹೋದರು. ಆನೆ ಬೀದಿಯಲ್ಲಿ ಉಳಿಯಿತು. ಆಗ ಆ ಮಕ್ಕಳು ಯಾರೂ ಹೇಳದೆಯೇ ತೋಳು ಮಡಚಿ ಮುಂದೆ ಬಂದರು. ಉದ್ದನೆಯವನು 'ತಳ್ಳಿ' ಎಂದರೆ ಎಲ್ಲರೂ ತಳ್ಳುವುದು, 'ತಡೀರಿ' ಎಂದರೆ ತಡೆಯುವುದು. ನೂರಾರು ಜನರನ್ನು ಕೂರಿಸಿಕೊಂಡು ಹಾರಬಲ್ಲ ಅಷ್ಟೂ ಮಂದಿ ಸೇರಿ ನಮ್ಮ ಮೆಷಿನನ್ನು ಮೆಟ್ಟಿಲು ಹತ್ತಿಸಿದರು. ನನ್ನ ಮಗಳು ಎಡಗಡೆ ಭುಜ ಕೊಟ್ಟಿದ್ದಳು. ಎಲ್ಲಿಯೂ ಒಂದು ಗೀರು ಬೀಳಲಿಲ್ಲ. ಇನ್‌ಸ್ಪೆಕ್ಟರು ಸುತ್ತ ಒಂದು ಸುತ್ತು ಬಂದು, ಮೊದಲಿದ್ದ ಜಾಗಕ್ಕೆ ಸರಿಯಾಗಿ ಕೂತಿದೆ ಎಂದು ಪ್ರಮಾಣೀಕರಿಸಿದರು.

ಬೆವರು ಒರೆಸಿಕೊಳ್ಳುತ್ತಾ ಉದ್ದನೆಯವನು ಗುಂಡನೆಯ ಬಾಗಿಲೊಳಗೆ ಇಣುಕಿ ನೋಡಿದ. ಗುಂಡಿಗಳನ್ನು ಒಂದೊಂದಾಗಿ ನೋಡಿದ. ಮುಟ್ಟಲಿಲ್ಲ.

"ಇದನ್ನ ನಡೆಸೋಕೂ ಬೇರೆ ಸರ್ಟಿಫಿಕೇಟ್ ಬೇಕಾ ಅಂಕಲ್?"

ಎಲ್ಲರೂ ನಕ್ಕರು. ಅವನು ಪೂರ್ತಿ ನಗಲಿಲ್ಲ. ನಮ್ಮನೆಯವರೂ ನಗಲಿಲ್ಲ.

"ಬೇಕು. ಕಲೀಬೇಕು," ಎಂದರು.

"ಖರ್ಚು ಎಷ್ಟಾಗುತ್ತೆ?"

ಊರಿಗೆಲ್ಲ ಈ ಪ್ರಶ್ನೆ ಕೇಳಿ ಬಂದ ಮನುಷ್ಯ, ತಮಗೇ ಯಾರಾದರೂ ಕೇಳಬಹುದೆಂದು ಅಂದುಕೊಂಡೇ ಇರಲಿಲ್ಲ.  ಸೊಂಟದ ಮೇಲೆ ಕೈಯಿಟ್ಟುಕೊಂಡು, "ಕೆಲಸ ಮಾಡಿಸ್ಕೊಳ್ಳೋನು ನಾನು. ಕಲಿಸೋನು ನಾನು. ಖರ್ಚು ಇನ್ಯಾರದಪ್ಪಾ? ಸೋಮವಾರ ಬಾ," ಎಂದರು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಆ ಪೈಲಟ್ ಮಕ್ಕಳಲ್ಲಿ ಮೂವರು ಬಂದು ನಿಂತಿದ್ದರು. ನಮಗೆ ಬೇಕಾಗಿದ್ದದ್ದು ಒಬ್ಬ. ನಮ್ಮನೆಯವರು ಮೆಲ್ಲಗೆ ತಿರುಗಿ ನನ್ನ ಮುಖ ನೋಡಿದರು. ನಾನು ಒಳಗೆ ಹೋಗಿ ಟೀಗೆ ಇನ್ನಷ್ಟು ನೀರಿಟ್ಟೆ.